ಎಂಟು ಇಪ್ಪತ್ತೈದ್ಲೆ ಇನ್ನೂರಲ್ಲ

ನಮ್ಮ ಮನೆಯವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು. ಆದರೂ ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುತ್ತಾರೆ! ಪ್ರಯಾಣಿಕರು ಮಾತ್ರ ಬದಲಾಗಿದ್ದಾರೆ, ಅಷ್ಟೇ. ಮೊದಲಿನವರ ಬಗಲಲ್ಲಿ ಚೀಲಗಳಿರುತ್ತಿದ್ದವು, ಈಗಿನವರ ಬಗಲಲ್ಲಿ ರೆಕ್ಕೆಗಳಿವೆ. ಟಿಕೆಟ್ ಕೇಳಿದರೆ ಹಾರಿಹೋಗುತ್ತಾರೆ. ಮೊದಲಿನವರಲ್ಲೂ ಅಂಥವರು ಇದ್ದರು ಅನ್ನಿ.

ಮೂವತ್ತೆರಡು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ಕುಷ್ಟಗಿಯಿಂದ ಗಂಗಾವತಿ, ಗಂಗಾವತಿಯಿಂದ ಕುಷ್ಟಗಿ, ನಡುನಡುವೆ ಯಲಬುರ್ಗಾ, ಕೊಪ್ಪಳ. ಅಷ್ಟು ವರ್ಷ ಅದೇ ದಾರಿಯಲ್ಲಿ ತಿರುಗಿದವರಿಗೆ ದಾರಿಯ ಒಂದೊಂದು ಗಿಡವೂ ಗೊತ್ತಿರಬೇಕಲ್ಲವೇ? ಒಂದೂ ಗೊತ್ತಿಲ್ಲ! ಡ್ರೈವರನಿಗೆ ದಾರಿ ಕಾಣುತ್ತದೆ, ಕೂತವರಿಗೆ ಕಿಟಕಿ ಇರುತ್ತದೆ. ಕಂಡಕ್ಟರ್ ನಿಲ್ಲುವುದು ನಡುವೆ, ಮುಖ ಜನರ ಕಡೆಗೆ. ಮೂವತ್ತೆರಡು ವರ್ಷ ಅವರು ನೋಡಿದ್ದು ತಲೆಗಳನ್ನು. ಬೋಳು ತಲೆ, ಟೋಪಿ ತಲೆ, ಪಟಗದ ತಲೆ, ಸೆರಗು ಹೊದ್ದ ತಲೆ. ಕಿಟಕಿಯಾಚೆ ಏನಿದೆ ಎಂದು ಬಗ್ಗುವಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತಿತ್ತು.

ಹೀಗಾಗಿ ಬೀಳ್ಕೊಡುವ ದಿನ ಜೊತೆಯವರು, “ಅಣ್ಣಾ, ಏನ್ ಕೊಡೂಣು? ಗ್ವಾಡಿ ಗಡಿಯಾರೋ, ದೇವ್ರ ಫೋಟೋನೋ?” ಎಂದು ಕೇಳಿದಾಗ ಇವರು ಕೊಟ್ಟ ಉತ್ತರ ಡಿಪೋದಲ್ಲಿ ಇವತ್ತಿಗೂ ಪ್ರಸಿದ್ಧ.

“ಗಡಿಯಾರಾ ನೋಡಿ ನೋಡಿ ಕಣ್ಣು ಸವದಾವ. ದೇವ್ರು ಮನಿಯಾಗ ಅದಾನ. ಒಂದ್ ದುರ್ಬೀನ ಕೊಡ್ರಪಾ. ಹೊರಗ ಏನೈತಿ ಅಂತ ನೋಡ್ತೀನಿ.”

ಪ್ರೀತಿ ಹೆಚ್ಚಾದರೆ ಹೀಗೇ ನೋಡಿ, ಜೊತೆಯವರು ಹುಬ್ಬಳ್ಳಿಯವರೆಗೆ ಹೋಗಿ ಅಂಗಡಿಯಲ್ಲಿದ್ದ ದುರ್ಬೀನುಗಳಲ್ಲೆಲ್ಲ ದೊಡ್ಡದನ್ನು ಹೊತ್ತು ತಂದರು. ಅದರ ಮೇಲೆ ಹತ್ತು ಇಂಟು ಐವತ್ತು ಎಂದು ಬರೆದಿತ್ತು. ದುರ್ಬೀನು ಅಂದರೆ ದುರ್ಬೀನೇ ಅದು! ಎರಡು ಒನಕೆಗಳನ್ನು ಜೋಡಿಸಿ ಪಟ್ಟಿ ಕಟ್ಟಿದ ಹಾಗಿತ್ತು. ಕಳ್ಳರು ಬಂದರೆ ಇದೊಂದು ಸಾಕು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಆದರೆ ಮೊದಲ ನಾಲ್ಕು ತಿಂಗಳು ಅವರು ಅದನ್ನು ಮುಟ್ಟಲಿಲ್ಲ. ಏನನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಪಡಸಾಲೆಯ ಬಾಗಿಲಿಗೆ ಬಂದು, ಕಾಲು ಅಗಲಿಸಿ, ಚೌಕಟ್ಟು ಹಿಡಿದು ನಿಂತುಬಿಡುತ್ತಿದ್ದರು. ಓಡುವ ಬಸ್ಸಿನಲ್ಲಿ ನಿಲ್ಲುವುದು ಹಾಗೆಯೇ ಅಲ್ಲವೇ? ನಮ್ಮ ಮನೆ ಓಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. “ಕುಂದರ್ರಿ” ಅಂದರೆ “ಇರ್ಲಿ” ಎನ್ನುತ್ತಿದ್ದರು. ಉಣ್ಣುವುದು ಅರ್ಧ ರೊಟ್ಟಿಗೆ ಇಳಿಯಿತು, ಮಾತು ಅದಕ್ಕಿಂತ ಕಡಿಮೆಗೆ ಇಳಿಯಿತು. ನಾನು ಹುಲಿಗೆಮ್ಮ ತಾಯಿಗೆ ಕೈಮುಗಿದು, “ಅವ್ವಾ, ಈ ಮನಷ್ಯಾನ್ನ ಬಾಗಲಾ ಬಿಡಿಸು” ಎಂದು ಬೇಡಿಕೊಂಡೆ.

ಬಿಡಿಸಿದಳು! ಒಂದು ದಿನ ಎದುರಿನ ಖಾಲಿ ಜಾಗದ ಕಲ್ಲುಗರಸಿನಲ್ಲಿ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆ ಇಟ್ಟಿತು. ಆ ದಾರಿಯಲ್ಲಿ ಯಾರು ಹೋದರೂ ಅದು ನೆತ್ತಿಯ ಮೇಲೆ ಬಂದು ಕೂಗುವುದು. ನಮ್ಮವರು ಬಾಗಿಲಲ್ಲಿ ನಿಂತು ಕಿವಿಗೊಟ್ಟು ಕೇಳಿದವರು ಒಮ್ಮೆಲೇ ನಕ್ಕರು. ನಾಲ್ಕು ತಿಂಗಳಲ್ಲಿ ಮೊದಲ ನಗು!

“ಏ, ಇಲ್ಲಿ ಬಾ! ಏನಂತೈತಿ ಕೇಳು. ‘ಚಿಲ್ರಿ ಕೊಡ್ರಿ, ಚಿಲ್ರಿ ಕೊಡ್ರಿ’ ಅಂತೈತಿ! ನಮ್ಮ ಲೈನಿನ್ಯಾಗಿನ ಹಕ್ಕಿ ಇದು!”

ಆವತ್ತೇ ದುರ್ಬೀನು ಕಪಾಟಿನಿಂದ ಇಳಿಯಿತು. ದೇವಿ ನಾನಾ ರೂಪದಲ್ಲಿ ಬರುತ್ತಾಳೆಂದು ಕೇಳಿದ್ದೆ. ಉದ್ದ ಕಾಲು ಇಟ್ಟುಕೊಂಡು ಚಿಲ್ಲರೆ ಕೇಳುತ್ತ ಬರುತ್ತಾಳೆಂದು ಯಾರು ಹೇಳಿದ್ದರು?

ಅಲ್ಲಿಂದ ಶುರುವಾಯಿತು. ಹಕ್ಕಿ ನೋಡುವವರು ಹಕ್ಕಿಯ ಚೆಲುವು ನೋಡುತ್ತಾರಂತೆ. ನಮ್ಮವರು ಮೊದಲು ತಲೆ ಎಣಿಸುತ್ತಾರೆ. ಕೆರೆಯಿಂದ ಮರಳಿ ಬಂದವರೇ, “ಇವತ್ತ ಬಾತು ಹದಿನೇಳು ಫುಲ್, ಮೂರು ಹಾಫ್” ಎಂದು ವರದಿ ಕೊಡುತ್ತಾರೆ. ಹಾಫ್ ಅಂದರೆ ಮರಿಗಳು. “ಹೆಣ್ಣೆಷ್ಟು, ಗಂಡೆಷ್ಟು?” ಎಂದು ನಾನು ಕೇಳಿದರೆ, “ಹೆಣ್ಣಮಕ್ಕಳಿಗೆ ಈಗ ಫ್ರೀ ಐತಲ್ಲ, ಅದಕ್ಕ ಅವಾ ಹೆಚ್ಚದಾವ” ಎಂದು ಗಂಭೀರವಾಗಿ ಹೇಳುತ್ತಾರೆ. ಕೂಗಾಡುವ ಹರಟೆಮಲ್ಲ ಹಕ್ಕಿಗಳ ಗುಂಪಿಗೆ ಅವರಿಟ್ಟ ಹೆಸರು ‘ಹಿಂದಿನ ಸೀಟಿನವ್ರು’. ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತ ಬೆಳ್ಳಕ್ಕಿ ‘ಪಾಸಿನವ’. ಕೇಳಿದರೆ ಮಾತ್ರ ಕಣ್ಣು ತೆರೆಯುತ್ತದಂತೆ!

ದುರ್ಬೀನಿನಿಂದ ನಮ್ಮ ಓಣಿಯಲ್ಲಿ ಒಂದು ಜಗಳವೂ ಆಗುವುದಿತ್ತು. ಒಂದು ಬೆಳಿಗ್ಗೆ ಬಾಜೂ ಮನೆಯಾಕೆ ಮುಖ ಕೆಂಪಗೆ ಮಾಡಿಕೊಂಡು ಬಂದಳು.

“ಅಕ್ಕಾರ, ಹೇಳಬಾರದು, ಹೇಳದಿರಬಾರದು. ನಿಮ್ಮ ಮನಿಯವ್ರು ಮಾಳಗಿ ಮ್ಯಾಲ ನಿಂತು ಆ ದುರ್ಬೀನ ತಗೊಂಡು ನಮ್ಮ ಹಿತ್ತಲಾ ನೋಡಾಕತ್ತಾರ್ರಿ. ಮೂರ ದಿನ ಆತು!”

ಇವರನ್ನು ಕೆಳಗೆ ಕರೆದು ಅವಳೆದುರೇ ಕೇಳಿದೆ. ಇವರು ಒಂದಿಷ್ಟೂ ಅಳುಕದೆ ಹೇಳಿದರು:

“ನೋಡೀನಿ. ಅವ್ರ ಅರಬಿ ಹಗ್ಗದ ಮ್ಯಾಲ ಸೂರಕ್ಕಿ ಗೂಡು ಕಟ್ಟಾಕತ್ತೈತಿ. ಎರಡ ಮರಿ ಆಗ್ಬಹುದು. ಈ ತಂಗಿ ಅಲ್ಲಿ ಇದ್ಲು ಅನ್ನೂದೂ ನನಗ ಗೊತ್ತಿಲ್ಲವಾ!”

ಮುಗಿಯಿತಲ್ಲ ಎಂದುಕೊಂಡೆ. ಎಲ್ಲಿ! ಅವಳ ಮುಖ ಇನ್ನಷ್ಟು ಕೆಂಪಾಯಿತು. “ಅಂದ್ರ ನಾ ಮೂರ ದಿನಾ ಅಲ್ಲೇ ಅಡ್ಡಾಡಿದ್ರೂ ಒಂದ್ ಗುಬ್ಬಿಯಷ್ಟೂ ಕಾಣಲಿಲ್ಲೇನ್ರಿ?” ಎಂದು ಕೇಳಿ ಹೊರಟೇಹೋದಳು. ಈಗಲೂ ಅವಳಿಗಿರುವ ಸಿಟ್ಟು ನೋಡಿದ್ದಕ್ಕಲ್ಲ, ನೋಡದೆ ಇದ್ದದ್ದಕ್ಕೆ!

ಯಲಬುರ್ಗಾ ಕಡೆಯ ಎರೆಹೊಲಗಳಲ್ಲಂತೂ ಈ ದುರ್ಬೀನಿಗೆ ರಾಜಮರ್ಯಾದೆ. ಚಳಿಗಾಲದಲ್ಲಿ ಸೆಳೆವ ಎಂಬ ಗಿಡುಗ ಆ ಬಯಲಿಗೆ ಬರುತ್ತದೆಂದು ಇವರು ಬಸ್ಸು ಹತ್ತಿ ಹೋದರು. ಬದುವಿನ ಮೇಲೆ ನಿಂತು ಆ ಜೋಡಿ ಒನಕೆಯನ್ನು ಕಣ್ಣಿಗಿಟ್ಟುಕೊಂಡು ಆ ದಿಕ್ಕು ಈ ದಿಕ್ಕು ನೋಡುತ್ತಿದ್ದಂತೆ ಹೊಲದವನು ಓಡಿ ಬಂದ. ಬಂದವನೇ ಕಂಬಳಿ ಹಾಸಿದ, ನೀರು ಕೊಟ್ಟ, ಮನೆಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿದ. ಇವರಿಗೆ ಆಶ್ಚರ್ಯ. ಹಕ್ಕಿ ನೋಡುವವರಿಗೆ ಇಷ್ಟು ಗೌರವವೇ! ಮಿರ್ಚಿ ಮುಗಿದ ಮೇಲೆ ಅವನು ಮೆಲ್ಲಗೆ ಕೇಳಿದನಂತೆ:

“ಸಾಹೇಬ್ರ, ಕರೆಂಟ್ ಮಾಡೂ ಗಾಳಿ ಫ್ಯಾನ್ ಕಂಪನ್ಯಾಗಿಂದ ಬಂದೀರಲ್ಲ? ನಮ್ಮ ಹೊಲದಾಗ ಒಂದ್ ಕುಂದರಸ್ರಿ.”

“ಇಲ್ಲಪಾ, ನಾ ಹಕ್ಕಿ ನೋಡಾಕ ಬಂದೀನಿ.”

“ಹಕ್ಕಿ ಅಂದ್ರ ಇಷ್ಟ ಇರ್ತೈತ್ರಿ,” ಎಂದು ಅವನು ಮುಷ್ಟಿ ತೋರಿಸಿದ. “ಇಷ್ಟಕ್ಕ ಅಷ್ಟ ದೊಡ್ಡ ದುರ್ಬೀನ ಯಾರ ತರ್ತಾರ? ತಿಳೀತು ಬಿಡ್ರಿ, ಹೇಳಬ್ಯಾಡಂತ ಸಾಹೇಬ್ರ ಹೇಳಿರ್ತಾರ!” ಬಸ್ಸಿನವರೆಗೆ ಕಳಿಸಲು ಬಂದು, ಹತ್ತುವಾಗ ಕಿವಿಯ ಹತ್ತಿರ ಬಾಗಿದ. “ನಮಗ ಕೊಡದಿದ್ರೂ ಅಡ್ಡಿಯಿಲ್ರಿ. ಬಾಜೂ ಹೊಲದವಂಗ ಮಾತ್ರ ಕೊಡಬ್ಯಾಡ್ರಿ!”

ಇಂಥ ಮೆರವಣಿಗೆಯ ನಡುವೆ ಈ ವರ್ಷ ಗಣೇಶನನ್ನು ಕಳಿಸಿದ ವಾರವೇ ಇವರ ಕುತ್ತಿಗೆ ಹಿಡಿಯಿತು. ಎಡಗೈ ಜೋಮು, ಬೆರಳಲ್ಲಿ ಇರುವೆ ಹರಿದ ಹಾಗೆ. ಕೊಪ್ಪಳದ ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, “ಕುತ್ತಿಗಿ ಎಲಬು ಸವದಾವು. ಏನ್ ಕೆಲಸಾ ಮಾಡ್ತಿದ್ರಿ?” ಎಂದು ಕೇಳಿದರು.

“ಕಂಡಕ್ಟರ್ರಿ. ಮೂವತ್ತೆರಡು ವರ್ಷ ಕೊರಳಾಗ ಚರ್ಮದ ಚೀಲ. ಕಡೀಕಡೀಗೆ ಟಿಕೆಟ್ ಮಶೀನ.”

“ಮತ್ತ ಈಗ?”

ಇವರು ಗೋಡೆಯ ಕ್ಯಾಲೆಂಡರು ಓದತೊಡಗಿದರು. ನಾನು ಸುಮ್ಮನಿರುವವಳೇ? ಪಿಶವಿಯಿಂದ ದುರ್ಬೀನು ತೆಗೆದು ಡಾಕ್ಟರ ಮೇಜಿನ ಮೇಲೆ ಇಟ್ಟೆ. ಮೇಜು ಅಳ್ಳಾಡಿತು!

“ಅಯ್ಯೋ ಮಾರಾಯ್ರ, ಇದನ್ನ ಕೊರಳಾಗ ಹಾಕ್ಕೋತೀರೇನ್ರಿ? ಇಂದಿನಿಂದ ಇದು ಬಂದ್. ಎರಡು ತಿಂಗಳು ಕೊರಳಪಟ್ಟಿ. ಕೊರಳಾಗ ಯಾವ ಭಾರಾನೂ ಬ್ಯಾಡ.”

“ಲಗ್ನದಾಗ ಬಿದ್ದ ಭಾರಾ ಏನ್ ಮಾಡ್ಲಿರಿ?” ಎಂದು ಇವರು ನನ್ನ ಕಡೆ ಕಣ್ಣು ಹೊರಳಿಸಿದರು.

“ಅದನ್ನ ನನ್ನ ಕೊರಳಾಗ ಕಟ್ಟೀರಿ. ನಿಮ್ಮ ಕೊರಳು ಖಾಲಿ ಐತಿ,” ಎಂದೆ ನಾನು. ಡಾಕ್ಟರು ಔಷಧಿ ಚೀಟಿ ಬರೆಯುವುದನ್ನು ಬಿಟ್ಟು ನಕ್ಕರು.

ಕೊರಳಪಟ್ಟಿ ಕಟ್ಟಿಕೊಂಡ ಮೇಲೆ ಇವರಿಗೆ ಕತ್ತು ಹೊರಳಿಸಲು ಬಾರದು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು, ಸಂದಿಯಲ್ಲಿ ಬಸ್ಸು ಹಿಂದಕ್ಕೆ ತೆಗೆದ ಹಾಗೆ. ನಾನು ಹಿಂದೆ ನಿಂತು, “ಬರ್ಲಿ, ಬರ್ಲಿ, ಹೋಲ್ಡಾನ್!” ಎನ್ನುತ್ತಿದ್ದೆ. ಮೊದಮೊದಲು ಅವರೂ ನಕ್ಕರು.

ಆಮೇಲೆ ನಗುವುದು ನಿಂತಿತು. ಕಾರಣ ನನಗೆ ಗೊತ್ತಿತ್ತು. ಚಳಿ ಬೀಳುತ್ತಿದ್ದಂತೆ ನಮ್ಮ ಕಡೆಯ ಕೆರೆಗಳಿಗೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಕಾಡಿಗೆಯಲ್ಲಿ ಎಳೆದಂಥ ಎರಡು ಪಟ್ಟಿ. ಹಿಮಾಲಯ ದಾಟಿ ಬರುತ್ತವಂತೆ. ಕಳೆದ ಮೂರು ಚಳಿಗಾಲವೂ ಇವರು ಅವನ್ನು ಬರಮಾಡಿಕೊಂಡವರು. “ಅಷ್ಟ ದೂರದಿಂದ ಬರ್ತಾವು. ಒಂದ್ ಡಿಪೋ ಇಲ್ಲ, ಒಂದ್ ಚಾದಂಗಡಿ ಇಲ್ಲ. ಬಂದಾಗ ಎದುರಿಗೆ ಒಬ್ಬ ಮನಷ್ಯಾರ ಬ್ಯಾಡೇನು?” ಎನ್ನುತ್ತಿದ್ದರು. ಈ ಸಲ ಅವು ಬರಲು ಎರಡು ತಿಂಗಳೂ ಉಳಿದಿರಲಿಲ್ಲ. ದುರ್ಬೀನು ಕಪಾಟು ಸೇರಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ತಿರುಗಿ ನೋಡುತ್ತೇನೆ, ಇವರು ಪಡಸಾಲೆಯ ಬಾಗಿಲಲ್ಲಿ, ಕಾಲು ಅಗಲಿಸಿ, ಚೌಕಟ್ಟು ಹಿಡಿದು ನಿಂತಿದ್ದಾರೆ!

ಹೆಂಚಿನ ಮೇಲಿನ ರೊಟ್ಟಿ ಕರಕಾಯಿತು. ಆಗಲಿ. ಆವತ್ತೇ ನಾನು ನಿಶ್ಚಯ ಮಾಡಿದೆ. ಕುತ್ತಿಗೆಗೆ ಭಾರವಾಗದಂಥ ಇನ್ನೊಂದು ಸಣ್ಣ ದುರ್ಬೀನು ಬರಬೇಕು, ಹೆಬ್ಬಾತಿಗಿಂತ ಮೊದಲು ಬರಬೇಕು. ಇದು ಹುಲಿಗೆಮ್ಮನ ಕೆಲಸವಲ್ಲ, ನನ್ನದು. ಒಂದೇ ಮಾತಿಗೆ ಎರಡು ಸಲ ಆ ತಾಯಿಯನ್ನು ಎಬ್ಬಿಸುವುದು ಸರಿಯೇ?

ಆದರೆ ಈ ಮನುಷ್ಯ ಒಪ್ಪಬೇಕಲ್ಲ! “ಸಣ್ಣದೊಂದು ತಗೊಳ್ರಿ” ಅಂದದ್ದೇ ತಡ, ಲೆಕ್ಕ ಶುರುವಾಯಿತು.

“ನಂದು ಹತ್ತು ಇಂಟು ಐವತ್ತು. ಹತ್ತು ಐವತ್ಲೆ ಎಷ್ಟು? ಐದನೂರು! ನೀ ಹೇಳೂ ಸಣ್ಣದರ ಮ್ಯಾಲ ಎಂಟು ಇಂಟು ಇಪ್ಪತ್ತೊಂದು ಅಂತ ಇರ್ತೈತಿ. ನೂರಾ ಅರವತ್ತೆಂಟು! ಐದನೂರು ಪವರ್ ನೋಡಿದ ಕಣ್ಣಿಗೆ ನೂರಾ ಅರವತ್ತೆಂಟು ತೋರಸ್ತೀಯೇನು? ಎಕ್ಸ್‌ಪ್ರೆಸ್ಸಿನ್ಯಾಗಿಂದ ಇಳಿಸಿ ಟಂಟಂ ಆಟೋದಾಗ ಕುಂದರಿಸಿದಂಗ ಆತು!”

ಎಂಟು ಜನರ ಟಿಕೆಟ್ಟನ್ನು ಬಾಯಲ್ಲೇ ಗುಣಿಸಿ ಬದುಕಿದವರು. ಎರಡು ಅಂಕಿಗಳ ನಡುವೆ ಇಂಟು ಕಂಡರೆ ಗುಣಿಸದೆ ಬಿಡುತ್ತಾರೆಯೇ? ನನಗೂ ದುರ್ಬೀನಿನ ವಿದ್ಯೆ ಗೊತ್ತಿಲ್ಲ. ಆದರೆ ನನ್ನ ಮನಸ್ಸು ಹೇಳುತ್ತಿತ್ತು, ಐದುನೂರು ಪಟ್ಟು ಹತ್ತಿರ ಕಂಡಿದ್ದರೆ ಕೆರೆಯ ಬಾತು ಇವರ ಮೂಗಿನ ಮೇಲೆ ಕೂತಿರಬೇಕಿತ್ತು!

ಅಂತೂ ಸೋಮವಾರದ ಉಪವಾಸ ಕಳೆದು ಮಂಗಳವಾರ ಗಂಗಾವತಿಗೆ ಹೊರಡಿಸಿ ನಾನೂ ಜೊತೆಗೆ ಬಸ್ಸು ಹತ್ತಿದೆ. ಬಸ್ಸಿನ ತುಂಬ ಸೀಟು ಖಾಲಿ ಇದ್ದರೂ ಇವರು ಕಂಬಿ ಹಿಡಿದು ನಿಂತರು. ಈಗಿನ ಹೊಸ ಕಂಡಕ್ಟರ್, “ಯಜಮಾನ್ರ, ಕುಂದರ್ರಿ” ಅಂದ. “ನೀ ನಿಂತಿ, ನಾ ಹೆಂಗ ಕುಂದರ್ಲಿ?” ಅಂದರು ಇವರು. ಅವನು ಗಂಗಾವತಿಯವರೆಗೆ ಇವರನ್ನು ಸಂಶಯದಿಂದಲೇ ನೋಡಿದ.

ಗಂಗಾವತಿ ಬಸ್ ನಿಲ್ದಾಣದ ಎದುರು ಗಡಿಯಾರ, ಚಸ್ಮಾ ಮಾರುವ ಹಳೆಯ ಅಂಗಡಿ. ಅದರ ಯಜಮಾನ ಬಿಳಿ ಗಡ್ಡದ ಚಾಚಾ. ಇವರ ಡ್ಯೂಟಿ ದಿನಗಳ ಗೆಳೆಯ. ಕೊರಳಪಟ್ಟಿ ನೋಡಿದವರೇ, “ಅರೆರೆ, ಕಂಡಕ್ಟರ್ ಸಾಹೇಬ್ರ! ಭಾಭಿ ಏನ್ ಹಗ್ಗ ಕಟ್ಯಾರೇನ್ರಿ?” ಎಂದು ಕುರ್ಚಿ ಕೊಟ್ಟರು. ನಾನು ವಿಷಯ ಹೇಳಿದೆ. ಚಾಚಾ ನಾಲ್ಕು ಸಣ್ಣ ದುರ್ಬೀನುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟರು. ಇವರು ಒಂದನ್ನೂ ಕೈಗೆತ್ತಿಕೊಳ್ಳದೆ ಮೇಲಿನ ಅಂಕಿಗಳನ್ನು ಓದಿದರು.

“ಎಂಟು ಇಪ್ಪತ್ತೊಂದ್ಲೆ ನೂರಾ ಅರವತ್ತೆಂಟು. ಎಂಟು ಇಪ್ಪತ್ತೈದ್ಲೆ ಇನ್ನೂರು. ಹತ್ತು ಇಪ್ಪತ್ತೈದ್ಲೆ ಎರಡನೂರಾ ಐವತ್ತು. ಎಂಟು ಮೂವತ್ತೆರಡ್ಲೆ ಎರಡನೂರಾ ಐವತ್ತಾರು. ಕಡೀದು ಕೊಡ್ರಿ ಚಾಚಾ, ಅದರದಾ ಪವರ್ ಹೆಚ್ಚೈತಿ.”

ಚಾಚಾ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟರು. ನಲವತ್ತು ವರ್ಷದ ವ್ಯಾಪಾರದಲ್ಲಿ ದುರ್ಬೀನಿಗೆ ಮಗ್ಗಿ ಹೇಳಿದ ಗಿರಾಕಿಯನ್ನು ಅವರು ಕಂಡಿರಲಿಲ್ಲವೆಂದು ಕಾಣುತ್ತದೆ.

“ಗುಣಿಸಬ್ಯಾಡ್ರಿ ಸಾಹೇಬ್ರ, ಗುಣಿಸಬ್ಯಾಡ್ರಿ! ಮೊದಲನೇ ನಂಬರ ಎಷ್ಟ ಪಟ್ಟು ಹತ್ರ ತರತೈತಿ ಅಂತ. ಎರಡನೇದು ಮುಂದಿನ ಕಾಜಿನ ಅಗಲ. ಕಾಜು ದೊಡ್ಡದಿದ್ರ ಬೆಳಕು ಹೆಚ್ಚ, ವಜ್ಜೀನೂ ಹೆಚ್ಚ. ನಿಮ್ಮ ದೊಡ್ಡದು ಹತ್ತು ಪಟ್ಟು, ಇದು ಎಂಟು ಪಟ್ಟು. ಖಲಾಸ್! ಐದನೂರೂ ಇಲ್ಲ, ಇನ್ನೂರೂ ಇಲ್ಲ.”

ಇವರು ದಂಗಾಗಿ ಕುಳಿತುಬಿಟ್ಟರು. ಕುಳಿತದ್ದೇ ಒಂದು ವಿಶೇಷ ಅನ್ನಿ! “ಅಂದ್ರ ನಾಕ ವರ್ಷ ನಾ ನೋಡಿದ್ದು ಹತ್ತಾ?”

“ಹತ್ತಾ.”

“ಐದನೂರಲ್ಲ?”

“ಅಲ್ರಿ, ಒಲಿ ಉರಿ ಬ್ಯಾರೆ, ಬೋಗಾಣಿ ಬಾಯಿ ಬ್ಯಾರೆ,” ಎಂದು ನಾನು ಬಾಯಿ ಹಾಕಿದೆ. “ಎರಡೂ ಗುಣಿಸಿದ್ರ ಅನ್ನಾ ಆಗ್ತೈತೇನು?”

ಚಾಚಾ ತೊಡೆ ತಟ್ಟಿಕೊಂಡರು. “ಭಾಭಿಗೆ ತಿಳೀತು! ನಲವತ್ತ ವರ್ಷದಾಗ ನಾ ಇಷ್ಟ ಸಾಫ್ ಹೇಳಿಲ್ಲ!”

ಹತ್ತಕ್ಕೂ ಎಂಟಕ್ಕೂ ಇರುವ ಅಂತರ ಎರಡೇ ಎಂದು ತಿಳಿದ ಮೇಲೆ ಇವರಿಗೆ ಸ್ವಲ್ಪ ಧೈರ್ಯ ಬಂತು. ಪರೀಕ್ಷೆ ಶುರು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ನಿಲ್ದಾಣದ ಬಸ್ಸುಗಳ ಬೋರ್ಡು ಓದುವುದು! ಚಾಚಾ ಬೇಡವೆಂದದ್ದು ಮೂವತ್ತೆರಡರದ್ದನ್ನು ಮಾತ್ರ. “ಕುತ್ತಿಗಿ ಪೂರಾ ಛಲೋ ಆದ ಮ್ಯಾಲ ಬರ್ರಿ” ಎಂದು ಅದನ್ನು ಒಳಗಿಟ್ಟರು.

ಮೊದಲು ಎಲ್ಲಕ್ಕಿಂತ ಸಣ್ಣದು. ಚಸ್ಮಾದ ಮೇಲೆ ಇಟ್ಟುಕೊಂಡರೆ ನಡುವೆ ನಾಲ್ಕಾಣೆಯಷ್ಟು ಬೆಳಕು, ಸುತ್ತ ಕತ್ತಲೆ. “ಕೀಲಿ ಕಿಂಡ್ಯಾಗಿಂದ ನೋಡಿದಂಗಾಕತಿ. ನಾ ಏನ್ ಕಳ್ಳನೇನು?” ಎಂದು ಕೆಳಗಿಟ್ಟರು. ಆಮೇಲೆ ಹತ್ತು ಇಪ್ಪತ್ತೈದರದು. ಅದನ್ನು ಕಣ್ಣಿಗಿಟ್ಟವರೇ, “ಸಿಂಧನೂರು ಗಾಡಿ ಹೊಂಟಿತು ನೋಡು, ನಡಗಾಕತ್ತೈತಿ, ಸ್ಟಾರ್ಟ್ ಆಗೇತಿ” ಅಂದರು.

“ಅದರಾಗ ಡ್ರೈವರಾ ಇಲ್ರಿ,” ಅಂದೆ. “ಸ್ಟಾರ್ಟ್ ಆಗಿದ್ದು ಗಾಡಿ ಅಲ್ಲ, ನಿಮ್ಮ ಕೈ.”

ಹತ್ತು ಪಟ್ಟು ಹತ್ತಿರ ತಂದರೆ ಕೈಯ ನಡುಕವೂ ಹತ್ತು ಪಟ್ಟಾಗುತ್ತದಂತೆ, ಹಗುರಾದ ದುರ್ಬೀನು ಆ ನಡುಕವನ್ನು ತಡೆಯುವುದಿಲ್ಲವಂತೆ. ಚಾಚಾ ಸಾವಕಾಶವಾಗಿ ತಿಳಿಸಿ ಹೇಳಿದರು. ಕೊನೆಗೆ ಎಂಟು ಇಪ್ಪತ್ತೈದರದು. ಕಣ್ಣಿಗೆ ತಾಗುವ ರಬ್ಬರನ್ನು ಮಡಚಿ ಕೊಟ್ಟರು, ಚಸ್ಮಾದವರಿಗೆ ಹಾಗೆ. ಇವರು ಇಟ್ಟುಕೊಂಡರು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಒಮ್ಮೆಲೇ ಕೂಗಿದರು:

“ಏಯ್! ಆ ಹೊಸಪೇಟಿ ಗಾಡಿ ಕಂಡಕ್ಟರ್ ನೋಡು! ಆ ಮುದುಕಿಗೆ ಟಿಕೆಟ್ ಕೊಟ್ಟಿಲ್ಲ, ಫೋನ್ಯಾಗ ಮಾತಾಡಿಕೋತ ನಿಂತಾನ! ಲೇ ತಮ್ಮಾ! ಮೊದಲ ಅಕಿಗೆ ಕೊಡೋ!”

ರಸ್ತೆಯ ಆಚೆ ಆ ಕಂಡಕ್ಟರ್ ಗಾಬರಿಯಾಗಿ ಸುತ್ತಲೂ ನೋಡಿದ, ಮೇಲೆಯೂ ನೋಡಿದ. ದೇವರೇ ಹೇಳಿದನೆಂದುಕೊಂಡನೋ ಏನೋ, ಫೋನು ಜೇಬಿಗಿಟ್ಟು ಟಿಕೆಟ್ ಹರಿದ!

ಇಷ್ಟು ಸ್ಪಷ್ಟವಾಗಿ ಕಂಡ ಮೇಲೆ ತೆಗೆದುಕೊಳ್ಳಬೇಕಲ್ಲವೇ? ಇಲ್ಲ. ಅಂಗೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿದರು. ಮುಖ ಬಾಡಿತು. “ಕಾಣೂದೇನೋ ಕಾಣ್ತೈತಿ. ಆದ್ರ ಹಿಡಕೊಂಡವ ಹೆಂಗ ಕಾಣ್ತಾನ? ಕಿನ್ನಾಳದ ಆಟಗಿ ಸಾಮಾನ ಹಿಡಕೊಂಡು ನಿಂತಂಗ. ಆ ದೊಡ್ಡದು ಹಾಕ್ಕೊಂಡ್ರ ಜನಾ ಸಾಹೇಬ್ರ ಅಂತಿದ್ರು.”

“ಜನಾ ನಿಮ್ಮನ್ನ ಸಾಹೇಬ್ರ ಅನ್ಲಿ ಅಂತ ಹಕ್ಕಿ ನೋಡ್ತೀರೇನ್ರಿ?” ಅಂದೆ. ನಾನು ದುರ್ಬೀನು ತೆಗೆದು ಚಾಚಾನ ಮುಂದಿಟ್ಟೆ. “ಇದನ್ನ ಕಟ್ಟಿ ಕೊಡ್ರಿ.”

“ಏ, ನೋಡೂದು ನಾನೋ ನೀನೋ?”

“ನೋಡೂದು ನೀವಾ. ನೋಡಿ ಬಂದ ಮ್ಯಾಲ ಕುತ್ತಿಗಿ ತಿಕ್ಕೂದು ನಾನು.”

ಚಾಚಾ ಡಬ್ಬಿಗೆ ಹಾಕಿದರು. ಇಷ್ಟಾದ ಮೇಲೂ ಬಸ್ಸಿನಲ್ಲಿ ಪರಿಚಯದವರು ಯಾರೋ, “ಏನ್ರಿ ಅಣ್ಣಾರ, ದುರ್ಬೀನ ಸಣ್ಣದಾತಲ್ಲ?” ಎಂದು ಕೇಳಿದ್ದಕ್ಕೆ, “ಇದು ಲೋಕಲ್‌ಗೆ. ಎಕ್ಸ್‌ಪ್ರೆಸ್ ಮನ್ಯಾಗ ಐತಿ” ಎಂದು ಬಿಗುವಾಗಿ ಉತ್ತರ ಕೊಟ್ಟರು!

ಮನೆಗೆ ಹೊಸ ವಸ್ತು ಬಂದರೆ ದೇವರ ಮುಂದಿಟ್ಟು ಪೂಜೆ ಮಾಡುವುದು ನಮ್ಮ ರೂಢಿ. ದುರ್ಬೀನು ಮಾತ್ರ ಏನು ಪಾಪ ಮಾಡಿದೆ? ಜಗುಲಿಯ ಮೇಲಿಟ್ಟು, ಊದುಬತ್ತಿ ಬೆಳಗಿ, ಹೂವು ಏರಿಸಿ, ಎರಡು ಕಣ್ಣಿದ್ದ ಕಡೆ ಅಚ್ಚುಕಟ್ಟಾಗಿ ಒಂದೊಂದು ಬೊಟ್ಟು ಕುಂಕುಮ ಹಚ್ಚಿದೆ. ಮರುದಿನ ಬೆಳಿಗ್ಗೆ ಇವರು ಮಾಳಿಗೆ ಹತ್ತಿದ ಐದೇ ನಿಮಿಷಕ್ಕೆ ಕೂಗು ಕೇಳಿತು.

“ನಾ ಹೇಳಿದ್ದಿಲ್ಲಾ? ಗುಣಿಸಬ್ಯಾಡ ಅಂದ್ರು, ಹೋಗಿ ತಂದ್ವಿ. ಈಗ ನೋಡು, ಮುಂಜಾನೆ ಏಳಕ್ಕ ಸಂಜಿ ಆಗೇತಿ! ಬೆಳ್ಳಕ್ಕಿ ಕೆಂಪಗಾಗ್ಯಾವು! ಇದಕ್ಕ ಬೆಳಕ ಇಲ್ಲ!”

ಓಡಿ ಹತ್ತಿ ನೋಡುತ್ತೇನೆ, ಮುಂದಿನ ಎರಡೂ ಗಾಜಿನ ನಡುಮಧ್ಯೆ ನನ್ನ ಭಕ್ತಿ! ಸೆರಗಿನಿಂದ ಒರೆಸಲು ಕೈ ಹಾಕಿದರೆ, “ಸೆರಗ ಮುಟ್ಟಸಬ್ಯಾಡ, ಕಾಜಿಗೆ ಗೀರ ಬೀಳ್ತಾವು!” ಎಂದು ಮತ್ತೆ ಬೈಗುಳ. ಚಾಚಾ ಕೊಟ್ಟ ಮೆತ್ತನೆಯ ಬಟ್ಟೆಯಿಂದ ಅವರೇ ಒರೆಸಿದರು. ಒರೆಸಿ, ನೋಡಿ, ಕೆಳಗಿಳಿದು ಬಂದು ಮೂರು ರೊಟ್ಟಿ ತಿಂದರು. ಮೂರು! ಅವನ್ನು ನಾನು ಎಣಿಸಿದೆ. ಎಣಿಸಿ ದೇವರಿಗೆ ಕೈಮುಗಿದೆ.

ಎರಡು ತಿಂಗಳು ಮುಗಿಯಿತು. ಡಾಕ್ಟರು ಕೊರಳಪಟ್ಟಿ ಬಿಚ್ಚಿಸಿ, “ನಡದಾಡ್ರಿ, ಆದ್ರ ಒಬ್ಬರಾ ಹೋಗಬ್ಯಾಡ್ರಿ” ಅಂದರು. ಹಾಗಾಗಿ ನಾನು ಜೊತೆಗೆ ಹೊರಟೆ. ಇಷ್ಟು ವರ್ಷದಲ್ಲಿ ಇವರ ಡ್ಯೂಟಿಗೆ ನಾನು ಹೋದದ್ದು ಅದೇ ಮೊದಲು. ಬೆಳಗಿನ ಪೂಜೆ ಮುಗಿಸಿ, ರೊಟ್ಟಿ ಪಲ್ಯ ಕಟ್ಟಿಕೊಂಡು, ಟಂಟಂ ಹಿಡಿದು ಊರಾಚೆಯ ಕೆರೆಯ ಒಡ್ಡು ಮುಟ್ಟಿದಾಗ ಬಿಸಿಲು ಆಗ ತಾನೇ ನೀರಿಗೆ ಇಳಿಯುತ್ತಿತ್ತು. ಕೆಳಗಿನ ದಾಳಿಂಬೆ ತೋಟಕ್ಕೆ ಕೆಲಸಕ್ಕೆ ಹೊರಟ ಹೆಣ್ಣುಮಕ್ಕಳು ನಮ್ಮನ್ನು ನೋಡಿ ನಿಂತರು. ಈ ವಯಸ್ಸಿನಲ್ಲಿ ಗಂಡಹೆಂಡತಿ ಕೆರೆ ಒಡ್ಡಿನ ಮೇಲೆ ಜೋಡಿಯಾಗಿ ನಿಂತರೆ ಯಾರು ನೋಡುವುದಿಲ್ಲ ಹೇಳಿ!

ನೀರಿನಲ್ಲಿ ಹೆಬ್ಬಾತು ಇರಲಿಲ್ಲ. ಇವರು ಸಣ್ಣ ದುರ್ಬೀನನ್ನು ಆ ತುದಿಯಿಂದ ಈ ತುದಿಯವರೆಗೆ ಹರಿಸಿದರು. ಎರಡು ಸಲ, ಮೂರು ಸಲ. “ಈ ಸಲ ಬರಲಿಲ್ಲೇನೋ,” ಎಂದು ಮೆಲ್ಲಗೆ ಅಂದರು. ಅಷ್ಟರಲ್ಲಿ ಎಲ್ಲೋ ಬಹಳ ಮೇಲೆ, ಹಳೆಯ ಬಂಡಿಯ ಕೀಲು ಕಿರುಗುಟ್ಟಿದ ಹಾಗೆ ದನಿ ಕೇಳಿತು. ಕತ್ತೆತ್ತಿ ನೋಡಿದೆ. ನಮ್ಮ ನೆತ್ತಿಯ ಮೇಲೆಯೇ, ಓರೆಯಾಗಿ ಎಳೆದ ರಂಗೋಲಿಯ ಗೆರೆಯಂತೆ, ಸಾಲಾಗಿ ಬರುತ್ತಿದ್ದವು.

“ಬಂದ್ವು ನೋಡ್ರಿ! ಮ್ಯಾಲ!”

ಇವರು ದುರ್ಬೀನನ್ನು ಎತ್ತಿದರು. ಕೈ ಎದ್ದಿತು, ಕತ್ತು ಏಳಲಿಲ್ಲ. ಇನ್ನೊಮ್ಮೆ ಎತ್ತಲು ಹೋಗಿ, “ಹಾ” ಎಂದು ನೋವಿನಿಂದ ಕಣ್ಣು ಮುಚ್ಚಿದರು. ದುರ್ಬೀನು ಎಷ್ಟು ಹಗುರಾದರೇನು, ಕತ್ತೇ ಏಳದಿದ್ದರೆ? ಹಕ್ಕಿಗಳು ದಾಟಿ ಹೋಗುತ್ತಿದ್ದವು. ಇವರ ತುಟಿ ಅದುರುವುದನ್ನು ಮೂವತ್ತೈದು ವರ್ಷಗಳಲ್ಲಿ ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಮಗಳನ್ನು ಗಂಡನ ಮನೆಗೆ ಕಳಿಸುವಾಗ. ಇದು ಇನ್ನೊಂದು.

ಏನು ತೋಚಿತೋ, ಬುತ್ತಿ ಕೆಳಗಿಟ್ಟು ಹಿಂದೆ ಹೋಗಿ ನಿಂತೆ. ಎರಡೂ ಅಂಗೈ ಜೋಡಿಸಿ ಅವರ ತಲೆಯ ಹಿಂದೆ ಇಟ್ಟೆ, ಎರೆಯುವಾಗ ಎಳೆಗೂಸಿನ ಕತ್ತು ಹಿಡಿಯುತ್ತೇವಲ್ಲ, ಹಾಗೆ. “ಬಿಡ್ರಿ, ಭಾರ ನನ್ನ ಮ್ಯಾಲ ಬಿಡ್ರಿ,” ಅಂದೆ. ಮೊದಲು ಬಿಗಿ ಹಿಡಿದರು. ಆಮೇಲೆ ಬಿಟ್ಟರು. ಬೋಳು ನೆತ್ತಿ, ಹಿಂದೆ ನಾಲ್ಕು ಬಿಳಿ ಕೂದಲು, ಕೊರಳಪಟ್ಟಿ ಕಟ್ಟಿದಲ್ಲಿ ಇನ್ನೂ ಆರದ ಗೆರೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ತಲೆಯ ಭಾರ ಎಷ್ಟೆಂದು ನನಗೆ ಗೊತ್ತಿರಲಿಲ್ಲ. ಅದು ನನ್ನ ಕೈಯಲ್ಲಿ ಮೆಲ್ಲಗೆ ಹಿಂದಕ್ಕೆ ಬಾಗಿತು.

“ಕಂಡ್ವೇನ್ರಿ?”

ತೋಟದ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನನ್ನ ಸೆರಗೂ ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ಕೈ ತಗೀಬ್ಯಾಡ,” ಅಂದರು.

ತೆಗೆಯಲಿಲ್ಲ.